ಟಕ್ ಎಂದ ಪೆಟ್ಟಿಗೆ

ಯಾರು ಏನು ಹೇಳಿದರೂ, ಮಾತು ಮುಗಿಯುವ ಮೊದಲೇ ಒಮ್ಮೆ ತಲೆಯಾಡಿಸಿ "ಆಗಲಿ" ಎಂದುಬಿಡುವುದು ಸೋಮಲಿಂಗನ ಅಭ್ಯಾಸ. ಮಠಕ್ಕೆ ಬರುವ ಅತಿಥಿಗಳ ಉಸ್ತುವಾರಿ ಅವನದು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದ ಗುರುಗಳು, "ಗಂಟಲು ಕಟ್ಟಿದೆಯಪ್ಪ. ಒಂದು ಲೋಟ ಬಿಸಿನೀರು ಬೇಕಿತ್ತು" ಎಂದರು.

"ಆಗಲಿ ಬುದ್ಧಿ" ಎಂದ ಸೋಮಲಿಂಗ ಅಲ್ಲೇ ಕೈಕಟ್ಟಿ ನಿಂತ. ಅವನ ಮನಸ್ಸಿನಲ್ಲಿ ಬೇರೇನೋ ಕುದಿಯುತ್ತಿತ್ತು.

"ಬುದ್ಧಿ, ನಾಳೆಯಿಂದ ನನ್ನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ಮಠದವರೆಲ್ಲ ತಮ್ಮನ್ನು ಕೇಳಿಕೊಂಡಿದ್ದಾರಂತೆ. ಈ ಕೆಲಸ ಹೋದರೆ ನನಗೆ ಮಠದಲ್ಲಿ ಬೇರೆ ಸುಖವೇ ಇಲ್ಲ. ನಾನು ಯಾರಿಗೂ ಇಲ್ಲ ಎಂದವನಲ್ಲ, ಮುಖ ಸಿಂಡರಿಸಿದವನಲ್ಲ. ನಿನ್ನೆ ಬಂದ ಅಜ್ಜಿ ಕಂಬಳಿ ಕೇಳಿದಾಗಲೂ ನಗುನಗುತ್ತಲೇ ಆಗಲಿ ಎಂದೆ. ಬೆಳಗಾದರೆ ಅವರೂ ನಡುಗುತ್ತಾ ದೂರು ಹೇಳಿದರು! ನನ್ನ ತಪ್ಪೇನು?"

ಗುರುಗಳು ಮುಗುಳ್ನಕ್ಕು, ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿ ಕತೆ ಹೇಳಿದರು.

ಚಳಿಯ ನಾಡಿನಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯ ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಇತ್ತು. ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ಕೋಣೆಗೊಂದು ಪಂಪು, ಕೋಣೆಯ ಗೋಡೆಗೊಂದು ಗುಂಡಿ. ಚಳಿಯಾದವರು ಗುಂಡಿ ತಿರುಗಿಸಿದರೆ ಸುದ್ದಿ ತಂತಿಯಲ್ಲಿ ಇಳಿದು, ಬಾಯ್ಲರ್ ಪಕ್ಕದ ಒಂದು ಪೆಟ್ಟಿಗೆಗೆ ಬರುತ್ತಿತ್ತು. ಅದರೊಳಗೆ ಕೋಣೆಗೊಂದರಂತೆ ರಿಲೇ ಎಂಬ ಪುಟ್ಟ ಸ್ವಿಚ್ಚು. ಸುದ್ದಿ ಬಂದೊಡನೆ ಆ ಕೋಣೆಯ ರಿಲೇ ಟಕ್ ಎಂದು ಬಡಿದು ಪಂಪಿಗೆ ಕರೆಂಟು ದಾಟಿಸಬೇಕು.

ಒಂದು ಚಳಿಗಾಲ ವರ್ತಕನ ತಾಯಿಯ ಕೋಣೆ ತಣ್ಣಗಾಯಿತು. "ಭಾನುವಾರದೊಳಗೆ ಬೆಚ್ಚಗಾಗದಿದ್ದರೆ ಮಗಳ ಮನೆಗೆ ಹೊರಟೆ. ಅಲ್ಲಿ ಬಾಯ್ಲರ್ ಇಲ್ಲ, ಒಲೆ ಇದೆ" ಎಂದಳು ತಾಯಿ. ತಾಯಿಯಿಲ್ಲದ ಮನೆ ವರ್ತಕನಿಗೆ ಮನೆಯೇ ಅಲ್ಲ. ಬಾಯ್ಲರಿನ ಉರಿ ಏರಿಸಿದ. ಉಳಿದ ಕೋಣೆಗಳವರು ಬನಿಯನ್ನಿನಲ್ಲಿ ಕುಳಿತು ಬೀಸಣಿಗೆ ಬೀಸಿಕೊಂಡರು. ತಾಯಿ ಇನ್ನೊಂದು ರಗ್ಗು ಹೊದ್ದಳು.

ಮಿಸ್ತ್ರಿ ಬಂದ. ಗೋಡೆಯ ಗುಂಡಿ ಬದಲಿಸಿದ. ಪಂಪು ಬದಲಿಸಿದ. ಏನು ಬದಲಿಸಿದರೂ ಕೋಣೆ ತಣ್ಣಗೇ ಇತ್ತು. ಪೆಟ್ಟಿಗೆಯನ್ನು ಮಾತ್ರ ಅವನು ಮುಟ್ಟಲಿಲ್ಲ. "ಅದು ಬಂಗಾರದಂಥ ಪೆಟ್ಟಿಗೆ ಸಾಹುಕಾರರೇ. ಕರೆಯುವುದೇ ತಡ, ಟಕ್ ಎಂದು ಓಗೊಡುತ್ತದೆ" ಎಂದ.

ಶನಿವಾರ ತಾಯಿ ರಗ್ಗು ಹೊದ್ದು, ಟ್ರಂಕು ಹಿಡಿದು ನೆಲಮಾಳಿಗೆಗೇ ಇಳಿದು ಬಂದಳು.

"ಏನಪ್ಪಾ ಅದು, ಆಗಿನಿಂದ ಟಕ್ ಟಕ್?"

"ನಿಮ್ಮ ಮಾತು ಕೇಳಿಸಿತು ಎನ್ನುತ್ತಿದೆ ಅಮ್ಮ" ಎಂದ ಮಿಸ್ತ್ರಿ.

"ನನಗೆ ಹೇಳಿ ಏನು ಬಂತು? ನನ್ನ ಚಳಿ ನನಗೆ ಗೊತ್ತಿಲ್ಲವೇ? ಪಂಪಿಗೆ ಹೇಳಿತೇ, ಅದನ್ನು ನೋಡು."

ಮಿಸ್ತ್ರಿ ತಲೆ ಕೆರೆದುಕೊಂಡ. ಮತ್ತೆ ಗುಂಡಿ ತಿರುಗಿಸಲು ಮೇಲಿನವರಿಗೆ ಕೂಗಿ ಹೇಳಿದ. ಟಕ್ ಎಂದಿತು. ರಿಲೇಗೆ ಕರೆಂಟು ಬರುವ ತುದಿಗೆ ಟೆಸ್ಟರ್ ಇಟ್ಟ, ದೀಪ ಹತ್ತಿತು. ಪಂಪಿಗೆ ಹೋಗುವ ತುದಿಗೆ ಇಟ್ಟ, ಹತ್ತಲಿಲ್ಲ. ಮೇನ್ ಆರಿಸಿ ರಿಲೇ ಬಿಚ್ಚಿದ. ಒಳಗಿನ ಪುಟ್ಟ ತೋಳು ಚೆನ್ನಾಗಿಯೇ ಆಡುತ್ತಿತ್ತು, ಸದ್ದು ಅದರದು. ಆದರೆ ತೋಳು ಹೋಗಿ ಮುಟ್ಟುವ ಬಿಲ್ಲೆ ಸುಟ್ಟು ಕರಿಕಟ್ಟಿತ್ತು. ಮುಟ್ಟಿದರೂ ಏನೂ ದಾಟುತ್ತಿರಲಿಲ್ಲ.

ಹೊಸ ರಿಲೇ ಹಾಕಿದ. ಅದೂ ಟಕ್ ಎಂದಿತು, ಹಳೆಯದರ ಹಾಗೆಯೇ. ಅದರ ಬೆನ್ನಿಗೇ ಪಂಪು ಗುಂಯ್ ಎಂದಿತು. ಕೊಳವೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ ತಾಯಿ, ಸ್ವಲ್ಪ ಹೊತ್ತಿನ ಮೇಲೆ ಟ್ರಂಕನ್ನು ಮಗನ ಕೈಗೆ ಕೊಟ್ಟಳು. "ಮೇಲೆ ಇಡು. ಮಿಸ್ತ್ರಿಗೆ ಊಟ ಹಾಕಿಸು."

ಕತೆ ಮುಗಿಯಿತು. ಸೋಮಲಿಂಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆಟ್ಟಿಗೆ ಬುದ್ಧಿ ಅದು! ಎಲ್ಲ ಕೇಳಿಸಿಕೊಂಡು, ಟಕ್ ಎಂದು, ಕೂತಲ್ಲೇ ಕೂತಿತ್ತಲ್ಲ! ಪಾಪ, ಆ ತಾಯಿ..." ನಗು ಒರೆಸಿಕೊಂಡು ಕೇಳಿದ, "ಅದಿರಲಿ, ನಾಳೆ ನನ್ನ ಕೆಲಸ ನನಗೇ ಉಳಿಯುತ್ತದೆಯೇ?"

ಗುರುಗಳು ಗಂಟಲು ಸರಿಮಾಡಿಕೊಂಡರು.

"ಸೋಮಲಿಂಗ, ನನ್ನ ಬಿಸಿನೀರು ಎಲ್ಲಿಗೆ ಬಂತಪ್ಪಾ?"

ಎಂದಿನಂತೆ ಆಡಲು ಹೊರಟ ಅವನ ತಲೆ ಅರ್ಧದಲ್ಲೇ ನಿಂತಿತು.