ಯಮನೂರ ಒಗೆದ ನಿಂಬಿಹಣ್ಣು

ಯಾವ ಕಾಲದ್ದು ಅಂತ ಕೇಳಬ್ಯಾಡ್ರಿ. ನಮ್ಮಜ್ಜಗ ಅವರಜ್ಜ ಹೇಳಿದ್ದಂತ, ಅವರಿಗೆ ಯಾರು ಹೇಳಿದ್ರೋ ಆ ಹನಮಪ್ಪಗೇ ಗೊತ್ತು. ಹಿಂದಕ ಒಂದೂರಾಗ ಎರಡು ಓಣಿ ಇದ್ದುವಂತ. ಮ್ಯಾಗಿನ ಓಣಿ, ಕೆಳಗಿನ ಓಣಿ. ಎರಡಕ್ಕೂ ಕೂಡಿ ಒಂದೇ ಬಾವಿ.

ನಾಗರ ಪಂಚಮಿ ಬಂತಂದ್ರ ಆ ಊರಾಗ ನಿಂಬಿಹಣ್ಣು ಬೀಸಿ ಒಗಿಯೋ ಪಂದ್ಯ. ಓಣಿಗೊಂದು ತಂಡ. ತಂಡದಾಗ ಒಗಿಯಾಂವ ಒಬ್ಬನೇ, ಉಳಿದವರೆಲ್ಲಾ ಓಡಿ ಹಣ್ಣು ಹುಡುಕವರು. ಊರ ಅಗಸಿ ಬಾಗಿಲದಾಗ ನಿಂತು ಒಗೀಬೇಕು, ಬಿದ್ದಲ್ಲಿಂದ ಮತ್ತ ಒಗೀಬೇಕು, ಹಂಗ ಒಗಕೋತ ಗುಡ್ಡದ ಹನಮಪ್ಪನ ಕಟ್ಟಿ ಮುಟ್ಟಬೇಕು. ಕಡಿಮಿ ಒಗೆತದಾಗ ಮುಟ್ಟಿದ ಓಣಿ ಗೆದ್ದಂಗ. ಗೆದ್ದವರಿಗೆ ಬಂಗಾರದ ಕಡಗಾ ಕೊಡ್ತಿದ್ರು ಅಂದ್ಕೊಂಡ್ರೇನು? ಏನೂ ಇಲ್ಲ. ಮುಂದಿನ ಪಂಚಮಿ ತನಕಾ ಮುಂಜಾನೆ ಬಾವಿಗೆ ಮೊದಲ ಹಗ್ಗ ಅವರದು. ಸೋತವರು ಹೊತ್ತೇರಿದ ಮ್ಯಾಲೆ ತಳದ ನೀರು ಸೇದಬೇಕು. ಮಳಿಗಾಲದಾಗ ಅದೇನು ದೊಡ್ಡ ಮಾತಲ್ಲ. ಬ್ಯಾಸಗಿಯೊಳಗ ಮಾತ್ರ ತಳದಾಗ ಉಳಿಯೋದು ಬರೇ ರಾಡಿ.

ಆ ರಾಡಿ ಕುಡಕೊಂಡೇ ಬಂದಿತ್ತು ಕೆಳಗಿನ ಓಣಿ. ತಲಿತಲಾಂತರದಿಂದ ಸೋತದ್ದು ಸೋತದ್ದೇ.

ಆ ಓಣ್ಯಾಗ ಯಮನೂರಪ್ಪ ಅಂತ ಒಬ್ಬಾಂವ ಇದ್ದ. ಅವ್ವ ಅಪ್ಪ ಇಲ್ಲ, ಇದ್ದಾಕಿ ಒಬ್ಬಾಕಿ ತಂಗಿ, ನೀಲವ್ವ. ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ಕುಂತು ಗಿಳಿ ಹೊಡಿಯೋದು ಅವನ ಕಸಬು. ಹೊಡಿಯೋದು ಅಂದ್ರ ಕೊಲ್ಲೋದಲ್ಲ ಮತ್ತ! ಗಿಳಿ ಯಾವ ತೆನಿ ಮ್ಯಾಲೆ ಕುಂತೈತೋ ಆ ದಂಟಿಗೇ ಅವ ಒಗೆದ ಮಣ್ಣಿನ ಹೆಂಟಿ ಬೀಳ್ತಿತ್ತಂತ, ಗಿಳಿ ಹಾರಿ ಹೋಗ್ತಿತ್ತಂತ, ತೆನಿಯಿಂದ ಒಂದು ಕಾಳೂ ಉದುರ್ತಿರಲಿಲ್ಲಂತ.

ಒಂದು ಪಂಚಮಿಗೆ ಕೆಳಗಿನ ಓಣಿ ಒಗಿಯಾಂವನ ರಟ್ಟಿ ಜಾರಿತು. ಬ್ಯಾರೆ ಯಾರೂ ಇಲ್ಲ. ಹೆಂಗೂ ಸೋಲೋದೇ ಐತಿ, ಈ ಗಿಳಿ ಹೊಡಿಯಾಂವನೇ ಒಗೀಲಿ ಬಿಡ್ರಿ ಅಂದ್ರಂತ ಹಿರ್ಯಾರು. ಆ ಊರಾಗ ಒಗಿಯಾಂವನ ಹಣ್ಣನ್ನ ಮನಿಮಗಳು ಹಣಿಗೆ ಹಚಗೊಂಡು ಕೊಡಬೇಕು, ಅದು ಪದ್ಧತಿ. ನೀಲವ್ವ ಕೊಟ್ಟಳು. ಯಮನೂರ ಒಗೆದ.

ಹಣ್ಣು ಹೋದದ್ದು ಯಾರಿಗೂ ಕಾಣಲಿಲ್ಲಂತ. ಹಳ್ಳದ ಆಚಿ ಕಡೆ ಸಿಕ್ಕಿತಂತ. ಕೈಯಾಗ ಇದ್ದಾಗ ಹಸರು ಕಾಯಿ, ಕೆಳಗ ಬೀಳೂದ್ರಾಗ ಹಳದಿ ಹಣ್ಣಾಗಿತ್ತು ಅಂತಾರ. ನಗ್ರಿ, ನಗ್ರಿ. ನಾನೂ ಸಣ್ಣಾಂವ ಇದ್ದಾಗ ನಕ್ಕಿದ್ದೆ, ಅಜ್ಜನ ಕಡಿಂದ ತಲಿಗೆ ಮೊಟಕಿಸಿಕೊಂಡಿದ್ದೆ.

ಆ ವರ್ಷ ಕೆಳಗಿನ ಓಣಿ ಬಾವಿಗೆ ಮೊದಲ ಹಗ್ಗ ಇಳಿಬಿಟ್ಟಿತು. ತಿಳಿನೀರು ನೋಡಿ ಮುದಕೇರು ಬಾವಿಕಟ್ಟಿ ಮ್ಯಾಲೆ ಕುಂತು ಅತ್ರಂತ. ಮುಂದಿನ ವರ್ಷ ಅವನೇ ಗೆದ್ದ. ಅದರ ಮುಂದಿನ ವರ್ಷಾನೂ ಅವನೇ. ಸುತ್ತ ಹಳ್ಳಿಯವರು ಬುತ್ತಿ ಕಟಗೊಂಡು ಅವನ ಒಗೆತ ನೋಡಾಕ ಬರ್ತಿದ್ರು. ಬ್ಯಾರೆ ಊರವರು, ನಮ್ಮ ತಂಡಕ್ಕ ಬಾರಪಾ, ಹೊಲಾ ಕೊಡ್ತೀವಿ, ಎತ್ತು ಕೊಡ್ತೀವಿ ಅಂದ್ರು. ನಾ ಕೆಳಗಿನ ಓಣಿಯಾಂವ ಅಂತಂದು ಅವ ಎಲ್ಲಿಗೂ ಹೋಗಲಿಲ್ಲ. ಓಣಿ ಅವನ್ನ ಹೆಗಲ ಮ್ಯಾಲೆ ಹೊತಗೊಂಡು ತಿರುಗಿತು. ಹೆಗಲ ಮ್ಯಾಲೆ ಕುಂತಾಂವಗ ನೆಲಾ ಎಲ್ಲಿ ಕಾಣ್ತೈತಿ?

ಇದರ ನಡುವ ನೀಲವ್ವನ ಲಗ್ನ ಆತು. ಊರಾಗಿನ ಸಂಬಂಧ, ಮ್ಯಾಗಿನ ಓಣಿಗೆ ಕೊಟ್ಟರು. ಅಲ್ಲಿ ಈಗ ಬರೇ ರಾಡಿನೀರು. ಆಕಿ ಮಾವ ಬಸಲಿಂಗಪ್ಪ ಅನ್ನಾಂವ ಭಾಳ ಬಿರುಸು ಮನಿಶ್ಯಾ, ಮುರದರೂ ಬಾಗಾಂವಲ್ಲ.

ಪಂಚಮಿಗೆ ನೀಲವ್ವ ತವರಿಗೆ ಬಂದಳು, ಬಗಲಾಗ ಕೂಸು. ಜೋಕಾಲಿ ಆಡಲಿಲ್ಲ, ಉಂಡಿ ಮುಟ್ಟಲಿಲ್ಲ. ಹಣ್ಣು ಕೊಡೋ ಹೊತ್ತಿಗೆ ಅಣ್ಣನ ಕೈ ಹಿಡದಳು.

"ಯಣ್ಣಾ, ಈ ವರ್ಷ ಒಂದು ಕೈ ಸಡ್ಲ ಬಿಡೋ. ಬ್ಯಾಸಗಿಗೆ ನನ್ನ ಕೂಸು ಆ ರಾಡಿ ಕುಡದು ಹೆಂಗ ಉಳದೀತು?"

ಯಮನೂರ ಕೂಸಿನ ತಲಿ ಸವರಿದ. ಆದ್ರ ಅಗಸ್ಯಾಗ ಹಲಗಿ ಬಡೀಲಿಕ್ಕೆ ಹತ್ತಿದ್ರು, ಓಣಿಗೆ ಓಣಿ ಅವನ ಹೆಸರು ಹಿಡದು ಕೂಗ್ತಿತ್ತು.

"ಹುಚ್ಚಿ," ಅಂದ ಅವ, "ದಿನಾ ಮುಂಜಾನೆ ಒಂದು ಕೊಡ ತಿಳಿನೀರು ನಾನೇ ಹೊತ್ತು ತರ್ತೀನಿ. ನಾ ಇರೂತನಕ ನಿನ್ನ ಕೂಸಿಗೆ ಯಾಕ ರಾಡಿ?"

ಆ ವರ್ಷ ಒಗೆದಂಗ ಅವ ಎಂದೂ ಒಗೆದಿರಲಿಲ್ಲಂತ. ನಡುವ ನೆಲಾ ಮುಟ್ಟಲಾರದ ಹಣ್ಣು ಅಗಸಿಯಿಂದ ನೆಟ್ಟಗ ಹೋಗಿ ಹನಮಪ್ಪನ ಗಂಟಿಗೆ ಬಡೀತಂತ. ಗಂಟಿ ಸಪ್ಪಳ ಎರಡೂ ಓಣಿಗೆ ಕೇಳಿತಂತ.

ಬ್ಯಾಸಗಿ ಬಂತು. ಯಮನೂರ ಕೊಟ್ಟ ಮಾತಿನಂಗ ಕೊಡ ಹೊತಗೊಂಡು ಮ್ಯಾಗಿನ ಓಣಿಗೆ ಹೋದ. ಬಸಲಿಂಗಪ್ಪ ಬಾಗಿಲದಾಗ ನಿಂತಿದ್ದ. ಗೆದ್ದವರ ಎಂಜಲ ನೀರು ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ ಅಂದ, ಕೊಡ ಇಸಗೊಂಡು ನಡುಬೀದ್ಯಾಗ ಬೋರಲ ಹಾಕಿದ. ಮರುದಿನ ಯಮನೂರ ಮತ್ತ ಹೋದ, ಬಸಲಿಂಗಪ್ಪ ಮತ್ತ ಚೆಲ್ಲಿದ. ಇವ ತರೋದು ಬಿಡಲಿಲ್ಲ, ಅವ ಚೆಲ್ಲೋದು ಬಿಡಲಿಲ್ಲ. ನೀಲವ್ವ ಒಳಗ ನಿಂತು ನೋಡ್ತಿದ್ದಳು. ಆಕಿ ಮಾತು ಕೇಳವರು ಯಾರು? ಮನಿ ಮುಂದ ನೆಲಾ ಹಸಿ ಆಗ್ತಿತ್ತು, ಕೂಸಿನ ಬಾಯಿಗೆ ಮಾತ್ರ ಸೋಸಿದ ರಾಡಿ.

ಕೂಸಿಗೆ ವಾಂತಿ ಭೇದಿ ಹತ್ತಿತು. ಉಳೀಲಿಲ್ಲ.

ಇನ್ನ ನೀಲವ್ವ ತವರಿನ ಹೊಸ್ತಿಲ ತುಳಿಯಂಗಿಲ್ಲ ಅಂದ್ಕೊಂಡಿದ್ರು ಎಲ್ಲಾರೂ. ಆದ್ರ ಪಂಚಮಿಗೆ ಆಕಿ ಬಂದಳು. ಹಣ್ಣು ಹಣಿಗೆ ಹಚಗೊಂಡಳು, ಅಣ್ಣನ ಕೈಯಾಗ ಇಟ್ಟಳು. ಬೈದಿದ್ರರೆ ಅವಗ ಹಗುರ ಆಗ್ತಿತ್ತು.

ಯಮನೂರ ಅಗಸ್ಯಾಗ ನಿಂತ. ಹಲಗಿ ಬಡದ್ರು. ಅವ ಗುಡ್ಡಕ್ಕ ಬೆನ್ನು ಮಾಡಿದ, ಬಾವಿಗೆ ನಡದ, ಕೈ ಚಾಚಿ ಹಣ್ಣು ಒಳಗ ಬಿಟ್ಟ. ಇವತ್ತಿಂದ ಎರಡೂ ಓಣಿ ಒಂದೇ ಹೊತ್ತಿಗೆ ಹಗ್ಗ ಬಿಡ್ರಿ ಅಂದ. ಅಷ್ಟೇ ಅಂದದ್ದು.

ಯಾರು ಕೇಳ್ತಾರ? ಮ್ಯಾಗಿನ ಓಣಿ ಗೆದ್ದೆ ಅಂತ ಕುಣೀತು. ಕೆಳಗಿನ ಓಣಿ, ಹೆಗಲ ಮ್ಯಾಲೆ ಹೊತ್ತ ಓಣಿನೇ, ದ್ರೋಹಿ ಅಂತ ಉಗುಳಿತು. ಅವ ತಿರುಗಿ ಅಟ್ಟ ಹತ್ತಿದ. ಗಿಳಿ ಬಂದ್ರೂ ಕೈ ಎತ್ತಲಿಲ್ಲ. ಕೈ ಒಣಗಿ ಹೋತು ಅಂತಾರ ಕೆಲವರು, ಅವನೇ ಎತ್ತಲಿಲ್ಲ ಅಂತಾರ ಕೆಲವರು. ಗಿಳಿ ಅವನ ಮೊಣಕಾಲ ಮ್ಯಾಲೆ ಕುಂತು ಕಾಳು ತಿಂತಿದ್ದುವಂತ. ಮುಂದಿನ ಬ್ಯಾಸಗಿಗೆ ಅಟ್ಟದ ಮ್ಯಾಲೇ ತೀರಿಕೊಂಡ.

ಹೆಣಾ ಮನಿ ಮುಂದ ಕುಂಡ್ರಿಸಿದ್ರು, ಮೈ ತೊಳ್ಯಾಕ ನೀರಿಲ್ಲ. ಮೊದಲ ಹಗ್ಗ ಮ್ಯಾಗಿನ ಓಣಿದು, ಕೆಳಗಿನವರು ಹೊತ್ತೇರೂತನಕ ಕಾಯಬೇಕು. ನೀಲವ್ವ ಖಾಲಿ ಕೊಡ ಮುಂದಿಟಗೊಂಡು ಅಣ್ಣನ ಬಾಜೂಕ ಕುಂತಿದ್ದಳು. ಆಗ ಬಸಲಿಂಗಪ್ಪ ಬಂದ. ಆ ಹೊತ್ತಿನ ಮೊದಲ ಕೊಡ ತಾನೇ ಸೇದಿ, ಮುಪ್ಪಿನ ಹೆಗಲ ಮ್ಯಾಲೆ ಹೊತ್ತು ತಂದಿದ್ದ. ಸೊಸಿ ಮುಂದ ಇಳಿಸಿದ.

"ಕೂಸಿಗೆ," ಅಂದ.

ನೀಲವ್ವ ಆ ಕೊಡ ನೋಡಿದಳು, ಮಾವನ್ನ ನೋಡಿದಳು. ಚೆಲ್ಲಲಿಲ್ಲ. ಅದೇ ನೀರಿಲೆ ಅಣ್ಣನ ಮೈ ತೊಳದಳು.

ಈಗ ಮನಿಮನಿಗೆ ನಳ ಬಂದಾವ, ಆ ಬಾವಿ ನೀರು ಯಾರಿಗೂ ಬೇಕಾಗಿಲ್ಲ. ಪಂಚಮಿ ಪಂದ್ಯ ಮಾತ್ರ ಇನ್ನೂ ನಡೀತೈತಿ. ಮೊದಲನೇ ಹಣ್ಣು ಬಾವಿಗೆ ಬಿಟ್ಟು ಆಮ್ಯಾಲೆ ಒಗೀತಾರ. ಗೆದ್ದ ಓಣಿಯ ಹಿರ್ಯಾ ಮೊದಲ ಕೊಡ ಸೇದಿ, ಸೋತ ಓಣ್ಯಾಗ ಕೂಸು ಇದ್ದ ಮನಿ ಹುಡುಕಿ, ಬಾಗಿಲದಾಗ ಇಟ್ಟು, "ಕೂಸಿಗೆ" ಅಂತಾನ. ಮನಿಯಾಕಿ ಒಲ್ಲೆ ಅನ್ನಂಗಿಲ್ಲ. ಒಂದು ಹನಿ ಕೂಸಿನ ತುಟಿಗೆ ಹಚ್ಚಿದ ಮ್ಯಾಲೇ ಹಿರ್ಯಾ ಹೊಳ್ಳಿ ಹೋಗ್ತಾನ.