ಕದವಿಲ್ಲದವ್ವನ ಗುಡ್ಡ

ಕರೆಮಟ್ಟಿಯ ಬಂಡೆಗುಡ್ಡದ ನೆತ್ತಿಯಲ್ಲಿರುವ ಅವ್ವನ ಗುಡಿಗೆ ಇಂದಿಗೂ ಕದವಿಲ್ಲ. ಚೌಕಟ್ಟಿದೆ, ಹೊಸ್ತಿಲಿದೆ, ಕದ ಕೂರುತ್ತಿದ್ದ ಎರಡು ಕುಳಿಗಳೂ ಕಲ್ಲಿನಲ್ಲಿ ಹಾಗೇ ಇವೆ. ಗಾಳಿ, ಬಿಸಿಲು, ಮೇಕೆಮರಿ, ಯಾರು ಬೇಕಾದರೂ ಒಳಗೆ ಹೋಗಬಹುದು. ಕಳ್ಳರ ಭಯವಿಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಕದವಿದ್ದಾಗ ಏನು ಕಳೆದುಹೋಯಿತೆಂಬುದು ಅವರಿಗೇನು ಗೊತ್ತು!

ಹಿಂದೆ ಒಮ್ಮೆ ಈ ಊರಿನಲ್ಲಿ ಹುಲಿಗೆವ್ವನೆಂಬ ಸೂಲಗಿತ್ತಿಯಿದ್ದಳು. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದೇ ಅವಳ ಕೈಯಲ್ಲಿ. ಆ ಕೈಗೆ ಸದಾ ಪುರುಡಿನ ಮೈಲಿಗೆಯೆಂದು ಅವಳನ್ನು ಗುಡಿಯ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. ಹೆತ್ತವ್ವನೆಂದು ದೇವಿಗೆ ಕೈಮುಗಿಯುವುದು, ಹೆರಿಗೆಯ ವಾಸನೆ ಮಾತ್ರ ಅದೇ ದೇವಿಗೆ ಆಗದು; ಎಂಥ ನ್ಯಾಯವೋ! ಹೆರಿಗೆ ಕಷ್ಟವಾದರೆ ಮನೆಯ ಗಂಟು, ಬೀಗ, ಬಾಗಿಲುಗಳನ್ನೆಲ್ಲ ಬಿಚ್ಚುವುದು ಇಲ್ಲಿಯ ರೂಢಿ. ಅದಕ್ಕೂ ಕೂಸು ಬಾರದಿದ್ದರೆ ಗುಡ್ಡದ ಮೇಲಿನ ಅವ್ವನ ಕದ ತೆರೆಸಬೇಕು. ಆದರೆ ಬಸುರಿಯ ಗಂಡನೇ ಒದ್ದೆ ಬಟ್ಟೆಯಲ್ಲಿ ಬಂದು ಕೇಳಬೇಕು. ಹೆಂಗಸಿನ ಮಾತಿಗೆ ಅಗುಳಿ ಸರಿಯದು.

ಹುಲಿಗೆವ್ವನ ಒಬ್ಬಳೇ ಮಗಳು ಯಂಕವ್ವ ನೋವು ತಿನ್ನತೊಡಗಿ ಅಂದಿಗೆ ಮೂರನೆಯ ದಿನ. ಅಳಿಯ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದ. ತಾಯಿ ಮನೆಯ ಗಂಟೆಲ್ಲ ಬಿಚ್ಚಿದಳು, ಮಗಳ ಜಡೆ ಬಿಚ್ಚಿದಳು, ಜೋಳದ ಚೀಲದ ಬಾಯಿಯನ್ನೂ ಬಿಚ್ಚಿದಳು. ಕೊನೆಗೆ ನೆರೆಯವಳನ್ನು ಮಗಳ ಬಳಿ ಕೂರಿಸಿ, ಸುಡುವ ಮಧ್ಯಾಹ್ನ ಬರಿಗಾಲಲ್ಲಿ ಗುಡ್ಡ ಹತ್ತಿದಳು. ಪೂಜಾರಿ ಗವಿಯಪ್ಪ ಕದಕ್ಕೆ ಅಗುಳಿ ಹಾಕಿ ಕಟ್ಟೆಯ ಮೇಲೆ ಕೂತಿದ್ದ.

“ಕದ ತಗಿಯೋ ಯಪ್ಪಾ, ಮಗಳು ಉಳಿಯಂಗಿಲ್ಲ.”

“ಅಕಿ ಗಂಡನ್ನ ಕಳಸಬೇ. ನೀ ಅಲ್ಲೇ ನಿಲ್ಲು, ಅವ್ವಗ ಮೈಲಿಗಿ ಆಕ್ಕೈತಿ.”

“ನಿನ್ನ ಹೊಕ್ಕಳ ಕೊಯ್ದಿದ್ದು ಇದೇ ಕೈ, ಗವಿಯಪ್ಪಾ!”

ಅವನು ತಲೆ ತಗ್ಗಿಸಿದ, ಏಳಲಿಲ್ಲ. ಹುಲಿಗೆವ್ವ ಮೆಟ್ಟಿಲಿಗೆ ಹಣೆ ಚಚ್ಚಿಕೊಂಡಳು. ನೀನಾದರೂ ಒಳಗಿನಿಂದ ತೆಗೆಯೇ ಅವ್ವಾ ಎಂದು ದೇವಿಗೆ ಅಂಗಲಾಚಿದಳು. ತಲೆಯೆತ್ತಿದಾಗ ಅಗುಳಿ ಕಣ್ಣಿಗೆ ಬಿತ್ತು. ಅದು ಹೊರಗಿತ್ತು.

“ಅಯ್ಯ ನನ್ನವ್ವಾ, ನಿನ್ನೂ ಕೂಡಿಹಾಕ್ಯಾರಲ್ಲಬೇ!”

ಪೂಜಾರಿಯನ್ನು ನೂಕಿ, ಅಗುಳಿ ಸರಿಸಿ, ಕದಗಳೆರಡನ್ನೂ ಕುಳಿಯಿಂದೆತ್ತಿ ಬಂಡೆಯ ಕೆಳಗೆ ಉರುಳಿಸಿದಳು. ಆ ಕಸುವು ಎಲ್ಲಿಂದ ಬಂತೋ! ಬಿದ್ದು ಎದ್ದು ಮನೆಗೆ ಓಡಿದಳು. ಅಂಗಳದಲ್ಲಿ ನೆರೆಯವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮಗಳೂ ಉಳಿದಿರಲಿಲ್ಲ, ಕೂಸೂ ಉಳಿದಿರಲಿಲ್ಲ.

ಹದಿನೈದು ದಿನ ಕಳೆಯುವುದರೊಳಗೆ ಊರ ಹಿರಿಯರು ಹೊಸ ಕದಕ್ಕೆಂದು ಬಡಿಗ ಮೌನಪ್ಪನಿಗೆ ಹೇಳಿದರು. ಅವನ ಹೆಂಡತಿಗೆ ಆಗ ಎಂಟು ತಿಂಗಳು. ಹುಲಿಗೆವ್ವ ಅವನ ಅಂಗಳದಲ್ಲಿ ನಿಂತು, “ಮಾಡು. ಅಕಿಗೆ ನೋವು ಬಂದಾಗ ನನ್ನ ಕರೀಬ್ಯಾಡ, ಆ ಕದಾನ ಕರಿ,” ಎಂದಳು. ಮೌನಪ್ಪ ಉಳಿ ಕೆಳಗಿಟ್ಟ. ಮರುವರ್ಷ ಹಿರಿಯರು ಮತ್ತೆ ಕೇಳಿದರೆ ಅವನ ತಮ್ಮನ ಹೆಂಡತಿ ಬಸುರಿ. ಅದರ ಮರುವರ್ಷ ಪೂಜಾರಿಯ ಮಗಳೇ ಬಸುರಿ. ಬಸುರಿಯಿಲ್ಲದ ಊರು ಎಲ್ಲಿದೆ? ಹುಲಿಗೆವ್ವ ಮಾತ್ರ ಸಾಯುವತನಕ ಗುಡಿಯ ಹೊಸ್ತಿಲು ದಾಟಲಿಲ್ಲ ಎನ್ನುತ್ತಾರೆ. ಒಳಗೆ ಬಾ ಎಂದು ಕರೆದವರಿಗೆಲ್ಲ “ನನ್ನ ಯಂಕಿಗೆ ತಡ ಆತು” ಎಂದಷ್ಟೇ ಹೇಳುತ್ತಿದ್ದಳಂತೆ.

ಇಂದಿಗೂ ಬಸುರಿಯರು ಗುಡ್ಡ ಹತ್ತಿ, ಬರಿದಾದ ಆ ಎರಡು ಕುಳಿಗಳಿಗೆ ಎಣ್ಣೆ ಎರೆದು ಒಳಗೆ ಹೋಗುತ್ತಾರೆ. ಯಾರನ್ನೂ ಕೇಳುವುದಿಲ್ಲ.