ಸದ್ದಿಲ್ಲದ ಫ್ಯಾನು, ತೂತಿಲ್ಲದ ಜಾಲರಿ

ಒಂದು ಕಾಡಿನಲ್ಲಿ, ಆನೆಗಳು ದಿನಾ ಮಣ್ಣು ಎರಚಿಕೊಳ್ಳುವ ಬಯಲಿನ ಪಕ್ಕಕ್ಕೇ, ಒಂದು ಹಳೆಯ ಹೊಂಗೆಮರವಿತ್ತು. ಅದರ ಪೊಟರೆಯಲ್ಲಿ ಚೆಲುವಾಜಮ್ಮ ಎಂಬ ಅಳಿಲು ತನ್ನ ಮೂರು ಮರಿಗಳ ಜೊತೆ ವಾಸವಾಗಿದ್ದಳು. ಪೊಟರೆಯ ಮೂಲೆಯಲ್ಲಿ ಅವಳದೊಂದು ಕಂಪ್ಯೂಟರ್ ಇತ್ತು. ಹೊಳೆಯಲ್ಲಿ ನೀರುನಾಯಿಗಳು ತಿರುಗಿಸುವ ಚಕ್ರದಿಂದ ಅದಕ್ಕೆ ಕರೆಂಟು ಬರುತ್ತಿತ್ತು.

ಅಳಿಲಿಗೆ ಕಂಪ್ಯೂಟರ್ ಏಕೆ ಅನ್ನುತ್ತೀರಾ? ಅಳಿಲುಗಳಿಗೆ ಬೀಜ ಹೂಳುವುದು ಚೆನ್ನಾಗಿ ಗೊತ್ತು. ಹೂತ ಜಾಗ ಮಾತ್ರ ನೆನಪಿರುವುದಿಲ್ಲ. ಚೆಲುವಾಜಮ್ಮ ಬೀಜ ಹೂತ ಕೂಡಲೇ ಓಡಿಬಂದು ಕಂಪ್ಯೂಟರಿನ ನಕ್ಷೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಮಳೆಗಾಲದ ಊಟವೆಲ್ಲ ಆ ಚುಕ್ಕೆಗಳಲ್ಲಿತ್ತು. ಅವಳ ತಲೆಯಲ್ಲಿ ಒಂದೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಕಂಪ್ಯೂಟರಿನ ಫ್ಯಾನು ಕರಕರ ಅನ್ನತೊಡಗಿತು. ಆನೆಗಳು ಎರಚಿದ ಮಣ್ಣಿನ ಧೂಳು ಪೊಟರೆಯೊಳಗೆ ನುಗ್ಗಿ ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡಿತ್ತು. ಸದ್ದು ದಿನೇ ದಿನೇ ಜೋರಾಯಿತು. ಚೆಲುವಾಜಮ್ಮನಿಗೆ ಹೆದರಿಕೆ ಹತ್ತಿತು. ಮರಿಗಳು ಕೊಂಬೆಯ ಮೇಲೆ ಆಡುವಾಗ ಗಿಡುಗ ಎರಗಿದರೆ? ಈ ಗದ್ದಲದಲ್ಲಿ ಅದರ ರೆಕ್ಕೆಸದ್ದು ಕೇಳಿಸಬೇಕಲ್ಲ! ಅಳಿಲುಗಳು ಬದುಕುವುದೇ ಕಿವಿಯಿಂದ.

ವಾರದ ಸಂತೆ ಬಂಡೆಯ ಬುಡದಲ್ಲಿ ನೆರೆಯುತ್ತಿತ್ತು. ಆ ಸಂತೆಗೊಂದು ಕಟ್ಟುಪಾಡಿತ್ತು. ಗಿರಾಕಿ ಕೇಳಿದರೆ, ಮಾರುವವನು ತನ್ನ ಸಾಮಾನನ್ನು ಮೊದಲು ತನ್ನ ಮೇಲೇ ಪರೀಕ್ಷೆ ಮಾಡಿ ತೋರಿಸಬೇಕು. ಹಣ್ಣು ಮಾರುವ ಮಂಗ ಮೊದಲ ಹಣ್ಣನ್ನು ತಾನೇ ತಿನ್ನುತ್ತಿತ್ತು. ಕೊಡೆ ಮಾರುವ ಕಾಡುಕೋಳಿ ಮೈಮೇಲೆ ನೀರು ಸುರಿಸಿಕೊಂಡು ನಿಲ್ಲುತ್ತಿತ್ತು.

ಚೆಲುವಾಜಮ್ಮ ಮೊದಲು ಗೀಜಗ ಈರಣ್ಣನ ಅಂಗಡಿಗೆ ಹೋದಳು. ಅವನು ನಾರಿನಿಂದ ಸಣ್ಣ ಕಣ್ಣಿನ ಜಾಲರಿಗಳನ್ನು ನೇಯ್ದು ಮಾರುತ್ತಿದ್ದ. ಫ್ಯಾನಿನ ಕರಕರವನ್ನೂ ಗಿಡುಗದ ಹೆದರಿಕೆಯನ್ನೂ ಅವನಿಗೆ ಹೇಳಿದಳು.

"ಅಕ್ಕ, ಫ್ಯಾನೇನೂ ಕೆಟ್ಟಿಲ್ಲ. ಗರಿಯಿಂದ ಧೂಳು ಒರೆಸಿ, ನಡುವಿಗೆ ಒಂದು ಹನಿ ಎಣ್ಣೆ ಬಿಡು. ಗಾಳಿ ಹೋಗುವ ಬಾಯಿಗೆ ಈ ಜಾಲರಿ ಕಟ್ಟು. ವಾರಕ್ಕೊಮ್ಮೆ ತೊಳೆದು ಒಣಗಿಸು. ಜಾಲರಿಗೆ ಒಂದು ಹಿಡಿ ಸಾವೆಕಾಳು ಕೊಟ್ಟರೆ ಸಾಕು."

"ಇದರಲ್ಲಿ ತೂತಿದೆಯಲ್ಲೋ ಈರಣ್ಣ!"

"ತೂತಿಲ್ಲದಿದ್ದರೆ ಗಾಳಿ ಹೇಗಕ್ಕ ಹೋಗುತ್ತೆ?"

ಪಕ್ಕದ ಅಂಗಡಿಯಿಂದ ನರಿ ಸಂಪಣ್ಣ ಗಹಗಹಿಸಿ ನಕ್ಕ. "ಒಂದು ಹಿಡಿ ಸಾವೆಗೆ ತೂತಲ್ಲದೆ ಮತ್ತೇನು ಬರುತ್ತೆ ತಾಯಿ? ಇಲ್ಲಿ ಬಾ. ಹೊಸ ಮಾಲು ಬಂದಿದೆ. ಸದ್ದಿಲ್ಲದ ಫ್ಯಾನು! ತೂತಿಲ್ಲದ ಜಾಲರಿ! ಧೂಳಿನ ಒಂದು ಕಣ ಒಳಗೆ ಹೋದರೂ ನನ್ನ ಬಾಲ ಕತ್ತರಿಸಿಕೊಡ್ತೀನಿ."

ಅವನು ಒಂದು ಪೆಟ್ಟಿಗೆಯನ್ನು ಅವಳ ಕಿವಿಗೆ ಹಿಡಿದ. "ಏನಾದರೂ ಕೇಳಿಸುತ್ತಾ?"

ಚೆಲುವಾಜಮ್ಮ ಉಸಿರು ಬಿಗಿಹಿಡಿದು ಆಲಿಸಿದಳು. "ಏನೂ ಇಲ್ಲ!"

"ಓಡ್ತಾ ಇದೆ ತಾಯಿ, ಈಗಲೂ ಓಡ್ತಾ ಇದೆ. ಇನ್ನು ಗಿಡುಗ ಒಂದು ಮೈಲಿಯಾಚೆ ರೆಕ್ಕೆ ಬಡಿದರೂ ನಿನಗೆ ಕೇಳಿಸುತ್ತೆ. ಬೆಲೆಯೂ ಜಾಸ್ತಿಯಿಲ್ಲ. ಒಂದು ಬುಟ್ಟಿ ಕಾಡುಬಾದಾಮಿ, ಜೊತೆಗೆ ನಿನ್ನ ಆ ಹಳೇ ಕರಕರ ಫ್ಯಾನು. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ, ಹೇಳು! ನಿನಗೊಂದು ತಲೆನೋವು ತಪ್ಪಲಿ ಅಂತ ಅಷ್ಟೆ."

ಗಿಡುಗದ ಹೆಸರು ಬಂದ ಮೇಲೆ ಚೆಲುವಾಜಮ್ಮನಿಗೆ ಬೇರೆ ಯೋಚನೆಯೇ ಬರಲಿಲ್ಲ. ಕಟ್ಟುಪಾಡೂ ಮರೆತುಹೋಯಿತು. ಫ್ಯಾನಿನ ಮುಂದೆ ಕೈಯಿಟ್ಟು ಗಾಳಿ ಬರುತ್ತದೆಯೇ ಎಂದೂ ನೋಡಲಿಲ್ಲ. ಕಿವಿ ಒಪ್ಪಿತು, ವ್ಯಾಪಾರ ಮುಗಿಯಿತು.

ಸಂಪಣ್ಣ ಮರದ ಬುಡಕ್ಕೇ ಬಂದ. ಕಂಪ್ಯೂಟರನ್ನು ಕೆಳಗಿಳಿಸಿಕೊಂಡು ಹೊಸ ಫ್ಯಾನನ್ನು ಕೂರಿಸಿದ. ಗಾಳಿ ಹೋಗುವ ಬಾಯಿಗೆಲ್ಲ ಜಾಲರಿ ಬಿಗಿದು, ಅಂಚಿಗೆ ಮೇಣದ ಮುದ್ರೆ ಒತ್ತಿದ. "ಈ ಮುದ್ರೆ ಒಡೆದರೆ ಗ್ಯಾರಂಟಿ ಇಲ್ಲ, ತಿಳೀತಾ?" ಎಂದ. ಹಳೇ ಫ್ಯಾನನ್ನು ಬಾಯಲ್ಲಿ ಕಚ್ಚಿಕೊಂಡು ಹೊರಟುಹೋದ.

ಪೊಟರೆ ನಿಶ್ಶಬ್ದವಾಯಿತು. ಇರುವೆ ನಡೆದರೂ ಕೇಳಿಸುವಂತಿತ್ತು. "ಎಷ್ಟು ಹಾಯಾಗಿದೆ!" ಅಂದಳು ಚೆಲುವಾಜಮ್ಮ.

ಎರಡನೆಯ ದಿನ ಕಂಪ್ಯೂಟರಿನ ಪೆಟ್ಟಿಗೆ ಬೆಚ್ಚಗಾಯಿತು. ಹಿರಿಯ ಮರಿ ಅದರ ಮೇಲೆ ಮಲಗಿ, "ಅಮ್ಮಾ, ಎಷ್ಟು ಹಿತವಾಗಿದೆ!" ಅಂದಿತು. ಮೂರನೆಯ ದಿನ ಅದೇ ಮರಿ ಕಿರುಚಿಕೊಂಡು ಹಾರಿ ಕೆಳಗೆ ಬಿತ್ತು. ಅದರ ಪಾದ ಸುಟ್ಟಿತ್ತು. ಚೆಲುವಾಜಮ್ಮ ಏನಾಯಿತೆಂದು ತಿರುಗಿ ನೋಡುವಷ್ಟರಲ್ಲಿ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ನಕ್ಷೆ ಹೋಯಿತು. ಚುಕ್ಕೆಗಳೂ ಹೋದವು.

ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಏನೂ ಆಗಲಿಲ್ಲ. ಪೆಟ್ಟಿಗೆಯ ಬಾಯಿಂದ ಏನೋ ಅಂಟಂಟಾಗಿ ತೊಟ್ಟಿಕ್ಕುತ್ತಿತ್ತು. ಮೂಸಿದಳು. ಜೇನುಮೇಣ!

ಉಗುರಿನಿಂದ ಮುದ್ರೆ ಒಡೆದಳು. ಜಾಲರಿ ಕಳಚಿ ಕೈಗೆ ಬಂತು. ಅದು ಜಾಲರಿಯೇ ಅಲ್ಲ! ಮುತ್ತುಗದೆಲೆಗೆ ಮೇಣ ಬಳಿದು, ಮೇಲೆ ಗೆರೆ ಗೀಚಲಾಗಿತ್ತು. ಅದರ ಹಿಂದೆ ಫ್ಯಾನಿತ್ತು. ಚೆಲುವಾಜಮ್ಮ ಅದರ ರೆಕ್ಕೆಯನ್ನು ಮೆಲ್ಲಗೆ ತಳ್ಳಿದಳು. ತಿರುಗಲಿಲ್ಲ. ಜೋರಾಗಿ ತಳ್ಳಿದಳು. ರೆಕ್ಕೆ ಪಟ್ಟನೆ ಮುರಿದು ಕೈಯಲ್ಲೇ ಉಳಿಯಿತು. ತಾಳೆಗರಿಗೆ ಮಸಿ ಬಳಿದು ಅಂಟಿಸಿದ್ದರು. ತಂತಿ ಇತ್ತು. ಆ ತಂತಿ ಎಲ್ಲಿಗೂ ಸೇರಿರಲಿಲ್ಲ.

ಸದ್ದಿಲ್ಲ, ನಿಜ. ತಿರುಗದ್ದು ಸದ್ದೇಕೆ ಮಾಡುತ್ತದೆ?

"ಅಮ್ಮಾ, ಮಳೆಗಾಲಕ್ಕೆ ಬೀಜ ಎಲ್ಲೆಲ್ಲಿ ಇಟ್ಟಿದೀಯ?" ಕೇಳಿತು ಕಿರಿಯ ಮರಿ.

ಚೆಲುವಾಜಮ್ಮ ಕಾಡನ್ನೆಲ್ಲ ನೋಡಿದಳು. ಎಲ್ಲ ಕಡೆ ಒಂದೇ ಮಣ್ಣು, ಒಂದೇ ತರಗೆಲೆ. ಒಂದು ಜಾಗವೂ ನೆನಪಿಗೆ ಬರಲಿಲ್ಲ.

ಮುಂದಿನ ಸಂತೆಗೆ ಅವಳು ಮುರಿದ ರೆಕ್ಕೆಯನ್ನು ಹಿಡಿದುಕೊಂಡೇ ಹೋದಳು. ಸಂತೆಯ ಯಜಮಾನ ಮುದಿ ಆಮೆ ದ್ಯಾವಜ್ಜ. ಅವನ ಮುಂದೆ ರೆಕ್ಕೆಯನ್ನಿಟ್ಟಳು.

"ಮುದ್ರೆ ಒಡೆದಿದ್ದಾಳೆ!" ಸಂಪಣ್ಣ ಕೂಗಿದ. "ಗ್ಯಾರಂಟಿ ಮುಗೀತು. ಇವಳೇ ಕಿತ್ತುಹಾಕಿ ಈಗ ನನ್ನ ಮೇಲೆ ಹೇಳ್ತಾಳೆ. ನನ್ನ ಮಾಲಿನಂಥ ತಂಪು ಎಲ್ಲಿದೆ, ಅಜ್ಜ?"

ಚೆಲುವಾಜಮ್ಮನಿಗೆ ಆಗ ಕಟ್ಟುಪಾಡು ನೆನಪಾಯಿತು. "ಅಜ್ಜ, ಅವತ್ತು ಕೇಳಲಿಲ್ಲ. ಇವತ್ತು ಕೇಳ್ತೀನಿ. ಇವನು ತನ್ನ ಮೇಲೇ ಪರೀಕ್ಷೆ ಮಾಡಿ ತೋರಿಸಲಿ."

"ಅಯ್ಯೋ, ಅದು ಹಣ್ಣು, ಕೊಡೆಗೆ ಸರಿ!" ಅಂದ ಸಂಪಣ್ಣ. "ನಾನೇನು ಕಂಪ್ಯೂಟರೇ?"

"ನಿನಗೂ ಉಸಿರಿದೆ, ಮೈಯಲ್ಲಿ ಕಾವಿದೆ," ಅಂದ ದ್ಯಾವಜ್ಜ. "ಬಂಡೆಯ ಪಕ್ಕ ಮುಳ್ಳುಹಂದಿ ಬಿಟ್ಟುಹೋದ ಬಿಲವಿದೆ. ನಿನ್ನ ಅಂಗಡಿಯಿಂದ ಒಳ್ಳೇ ಮಾಲನ್ನು ನೀನೇ ಆರಿಸಿಕೊ. ಬಿಲದ ಬಾಯಿಗೆ ಕಟ್ಟಿ ಒಳಗೆ ಕೂತ್ಕೋ. ಬಂಡೆಯ ನೆರಳು ನನ್ನ ಕಾಲು ಮುಟ್ಟಿದಾಗ ಹೊರಗೆ ಬಾ."

ಒಲ್ಲೆ ಅಂದರೆ ಅಂಗಡಿ ಮುಚ್ಚಿದಂತೆಯೇ. ಸಂಪಣ್ಣ ಒಳಗೆ ಹೋದ. ಫ್ಯಾನು ಕಟ್ಟಿದರು, ಜಾಲರಿ ಬಿಗಿದರು, ಮೇಣದ ಮುದ್ರೆ ಒತ್ತಿದರು. ನಡುಮಧ್ಯಾಹ್ನದ ಬಿಸಿಲು ಬಂಡೆಯನ್ನು ಸುಡುತ್ತಿತ್ತು.

"ಆಹಾ, ಏನು ತಂಪು!" ಒಳಗಿಂದ ದನಿ ಬಂತು.

ಸ್ವಲ್ಪ ಹೊತ್ತಾಯಿತು. "ತಂಪಾಗೇ ಇದೆ... ನೆರಳು ಎಲ್ಲಿಗೆ ಬಂತು, ಅಜ್ಜ?"

"ಅಲುಗಿಯೂ ಇಲ್ಲ."

ಇನ್ನೂ ಸ್ವಲ್ಪ ಹೊತ್ತು. ಈಗ ಒಳಗಿಂದ ಏದುಸಿರು ಮಾತ್ರ ಕೇಳಿಸಿತು. ಮಂಗ ತಿನ್ನುತ್ತಿದ್ದ ಹಣ್ಣನ್ನು ಕೆಳಗೆ ಬಿಟ್ಟಿತು. ಸಂತೆಗೆ ಸಂತೆಯೇ ಬಿಲದ ಸುತ್ತ ನೆರೆಯಿತು.

ಇದ್ದಕ್ಕಿದ್ದಂತೆ ಬಿಲದೊಳಗೆ ಧಡಧಡ ಸದ್ದಾಯಿತು. ತಾಳೆಗರಿಯ ರೆಕ್ಕೆಗಳು ಲಟಲಟ ಮುರಿದವು. ಜಾಲರಿಯನ್ನು ಕಚ್ಚಿ ಹರಿದು ಸಂಪಣ್ಣ ಹೊರಗೆ ಉರುಳಿದ. ನಾಲಿಗೆ ನೆಲ ಮುಟ್ಟಿತ್ತು. ಕರಗಿದ ಮೇಣ ಮೀಸೆಗೆ, ರೆಪ್ಪೆಗೆ ಮೆತ್ತಿ ಒಂದು ಕಣ್ಣು ತೆರೆಯದಾಗಿತ್ತು.

"ಗಾಳಿ! ಗಾಳಿ!" ಎಂದು ಕೂಗಿದ. "ಆ ಹಳೇ ಫ್ಯಾನು ತಂದು ಬೀಸಿರೋ! ನನ್ನ ಗವಿಯಲ್ಲಿದೆ!"

ಎಲ್ಲರೂ ಗವಿಗೆ ಓಡಿದರು. ಬಾಗಿಲಲ್ಲೇ ಚೆಲುವಾಜಮ್ಮ ನಿಂತುಬಿಟ್ಟಳು. ಅವಳದೇ ಫ್ಯಾನು! ಧೂಳಿಲ್ಲದೆ ಥಳಥಳ ಹೊಳೆಯುತ್ತಿತ್ತು. ನಡುವಿನಲ್ಲಿ ಎಣ್ಣೆಯ ಪಸೆಯಿತ್ತು. ಅದರ ತಂತಿ ಹೊಳೆಯ ಚಕ್ರದ ಕಡೆಗೆ ಹೋಗಿತ್ತು. ಮುಂದೆ ಈರಣ್ಣನ ಒಂದು ಹಿಡಿ ಸಾವೆಯ ಜಾಲರಿ. ಸುಯ್ ಎಂದು ತಂಪು ಗಾಳಿ ಬರುತ್ತಿತ್ತು. ಕರಕರದ ಸುಳಿವೇ ಇಲ್ಲ. ಪಕ್ಕದಲ್ಲಿ ಅವಳ ಕಾಡುಬಾದಾಮಿಯ ಬುಟ್ಟಿ ಅರ್ಧ ಖಾಲಿಯಾಗಿತ್ತು.

"ನಾನು ಹೇಳಿದ್ದನ್ನು ನೀನು ಕೇಳಲಿಲ್ಲ. ಅವನು ಕೇಳಿಸಿಕೊಂಡಿದ್ದ," ಅಂದ ಈರಣ್ಣ.

ಚೆಲುವಾಜಮ್ಮ ಫ್ಯಾನನ್ನೂ ಬುಟ್ಟಿಯನ್ನೂ ಎತ್ತಿಕೊಂಡಳು. ದ್ಯಾವಜ್ಜ ಸಂಪಣ್ಣನ ಅಂಗಡಿಯ ಕಂಬ ಕೀಳಿಸಿದ. ಮೀಸೆಯ ಮೇಣ ಮಾತ್ರ ಕೀಳಲಾಗಲಿಲ್ಲ. ಹಳೇ ರೋಮ ಉದುರಿ ಹೊಸದು ಬರುವವರೆಗೂ ಅದು ಅವನ ಮುಖದ ಮೇಲೇ ಇತ್ತು. ಅವನು ಏನು ಮಾರಲು ಹೋದರೂ ಗಿರಾಕಿಗಳು ಮೊದಲು ಅದನ್ನೇ ನೋಡಿದರು.

ಈರಣ್ಣ ಮನೆಗೆ ಬಂದು ಫ್ಯಾನು ಕೂರಿಸಿದ. "ಕಂಪ್ಯೂಟರ್ ಸತ್ತಿಲ್ಲ ಬಿಡಕ್ಕ. ಕಾವು ತಾಳದೆ ತಾನೇ ಕಣ್ಣು ಮುಚ್ಚಿಕೊಂಡಿದೆ. ಒತ್ತು ನೋಡೋಣ."

ಚೆಲುವಾಜಮ್ಮ ಮೊದಲು ಫ್ಯಾನಿನ ಮುಂದೆ ಒಂದು ಪುಕ್ಕ ಹಿಡಿದಳು. ಪುಕ್ಕ ಫರಫರ ಅಲುಗಿತು. ಆಮೇಲೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ನಕ್ಷೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಮೂಡಿದವು. ಮರಿಗಳು ಕೊಂಬೆಯ ಮೇಲೆ ಕುಣಿದವು.

ಆಗಲೇ, ಸುಯ್ ಎನ್ನುವ ಆ ಸಣ್ಣ ಗಾಳಿಸದ್ದಿನಾಚೆ, ಇನ್ನೊಂದು ಸದ್ದು ಅವಳ ಕಿವಿಗೆ ಬಿತ್ತು.

"ಒಳಗೆ ಬನ್ನಿ!"

ಮೂರು ಮರಿಗಳೂ ಪೊಟರೆಗೆ ಹಾರಿದವು. ಖಾಲಿ ಕೊಂಬೆಯ ಮೇಲೆ ಗಿಡುಗದ ನೆರಳು ಸರ್ರನೆ ಹಾದುಹೋಯಿತು.

ನೀತಿ: ಮಾರುವವನ ಮಾತಿಗೆ ಮರುಳಾಗದೆ, ಸಾಮಾನು ತನ್ನ ಕೆಲಸ ಮಾಡುತ್ತದೆಯೇ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಬೇಕು; ಮೋಸದ ಮಾಲು ಕೊನೆಗೆ ಮಾರಿದವನ ಉಸಿರನ್ನೇ ಕಟ್ಟುತ್ತದೆ.